ಬ್ಯಾಂಕ್ ಬಡ್ಡಿ: ಐಆರ್‌ಎಸ್‌ಗೆ ತೋರಿಸಿದ್ದನ್ನು ಸ್ಟೇಟ್‌ಗೂ ತೋರಿಸಬೇಕೇ?

ಫೆಬ್ರವರಿ ಬಂತೆಂದರೆ ಅಮೆರಿಕದಲ್ಲಿರುವ ಕನ್ನಡಿಗರು ಕೇಳುವ ಪ್ರಶ್ನೆ ಇದು: "ಬಡ್ಡಿ ವಿವರವನ್ನು ಬ್ಯಾಂಕಿನವರೇ ಕಳಿಸುತ್ತಾರಲ್ಲ, ನಾವು ಫೆಡರಲ್‌ಗೂ ಸ್ಟೇಟ್‌ಗೂ ಮತ್ತೆ ತೋರಿಸಬೇಕಾ?" ನಿಮ್ಮ ರಾಜ್ಯದಲ್ಲಿ ಆದಾಯ ತೆರಿಗೆ ಇದ್ದರೆ ಎರಡೂ ಕಡೆ ತೋರಿಸಲೇಬೇಕು. ಆದರೆ ತೆರಿಗೆ ಬೀಳುವ ಮೊತ್ತ ಎರಡೂ ಕಡೆ ಒಂದೇ ಆಗಿರಬೇಕೆಂದಿಲ್ಲ. ದುಡ್ಡು ಸುಮ್ಮನೆ ಕೈಬಿಟ್ಟು ಹೋಗುವುದು ಇಲ್ಲೇ.

ವರ್ಷಕ್ಕೆ 10 ಡಾಲರ್ ಅಥವಾ ಹೆಚ್ಚು ಬಡ್ಡಿ ಕೊಟ್ಟ ಬ್ಯಾಂಕು ಜನವರಿ ಮುಗಿಯುವುದರೊಳಗೆ ನಿಮಗೆ 1099-ಐಎನ್‌ಟಿ ಫಾರ್ಮ್ ಕೊಡುತ್ತದೆ, ಅದೇ ಲೆಕ್ಕವನ್ನು ಫೆಡರಲ್ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೂ ಕಳಿಸುತ್ತದೆ. ಹಲವು ರಾಜ್ಯಗಳಿಗೆ ಐಆರ್‌ಎಸ್ ಮೂಲಕವೇ ಮಾಹಿತಿ ಹೋಗುತ್ತದೆ. ಏಳೆಂಟು ಡಾಲರ್ ಬಡ್ಡಿಗೆ ಫಾರ್ಮ್ ಬರದಿದ್ದರೂ ಅದು ಆದಾಯವೇ. ತೆರಿಗೆ ಬೀಳುವ ಬಡ್ಡಿಯೆಲ್ಲವನ್ನೂ ಕೂಡಿಸಿ ಫೆಡರಲ್ ರಿಟರ್ನ್ ಆದ 1040 ಫಾರ್ಮಿನ 2ಬಿ ಸಾಲಿನಲ್ಲಿ ಬರೆಯಿರಿ. ಮೊತ್ತ 1,500 ಡಾಲರ್ ದಾಟಿದರೆ ಬಡ್ಡಿಯ ವಿವರ ಬರೆಯುವ ಶೆಡ್ಯೂಲ್ ಬಿ ಕೂಡ ಬೇಕು. ಒಂದು ಫಾರ್ಮ್ ಬಿಟ್ಟುಹೋದರೂ ತಾಳೆ ನೋಡುವಾಗ ಸಿಕ್ಕಿಬೀಳುತ್ತದೆ, ಎಷ್ಟೋ ತಿಂಗಳ ನಂತರ ಲೆಕ್ಕ ತಾಳೆಯಾಗಿಲ್ಲವೆಂದು ಐಆರ್‌ಎಸ್‌ನ ಸಿಪಿ2000 ನೋಟಿಸ್ ಮನೆಗೆ ಬರುತ್ತದೆ.

1099-ಐಎನ್‌ಟಿಯಲ್ಲಿ ಮೊತ್ತ ಯಾವ ಬಾಕ್ಸಿನಲ್ಲಿದೆ ಎನ್ನುವುದೇ ಮುಖ್ಯ. ಬಾಕ್ಸ್ 1 ಮಾಮೂಲಿ ಬ್ಯಾಂಕ್ ಬಡ್ಡಿ. ಫೆಡರಲ್, ಸ್ಟೇಟ್ ಎರಡೂ ತೆರಿಗೆ ಇದೆ. ಬಾಕ್ಸ್ 3ರಲ್ಲಿರುವುದು ಫೆಡರಲ್ ಸರ್ಕಾರದ ಸಾಲಪತ್ರಗಳಾದ ಟ್ರೆಷರಿ ಬಿಲ್, ಸೇವಿಂಗ್ಸ್ ಬಾಂಡ್‌ಗಳ ಬಡ್ಡಿ. ಇದಕ್ಕೆ ಫೆಡರಲ್ ತೆರಿಗೆ ಮಾತ್ರ, ಯಾವ ರಾಜ್ಯವೂ ಇದರ ಮೇಲೆ ಆದಾಯ ತೆರಿಗೆ ಹಾಕುವಂತಿಲ್ಲ. ಸಾಫ್ಟ್‌ವೇರ್‌ನಲ್ಲಿ ತುಂಬುವಾಗ ಬಾಕ್ಸ್ 3ರ ಮೊತ್ತವನ್ನು ಬಾಕ್ಸ್ 1ಕ್ಕೆ ಹಾಕಿಬಿಟ್ಟರೆ ಫೆಡರಲ್ ಲೆಕ್ಕ ಬದಲಾಗುವುದಿಲ್ಲ, ಹಾಗಾಗಿ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 9.3% ದರದಲ್ಲಿರುವವರಿಗೆ 2,000 ಡಾಲರ್ ಟ್ರೆಷರಿ ಬಡ್ಡಿಯ ಮೇಲೆ 186 ಡಾಲರ್ ನಷ್ಟ. ಅಲ್ಲಿ ಫೆಡರಲ್ ಲೆಕ್ಕವನ್ನು ಸ್ಟೇಟ್‌ಗೆ ಹೊಂದಿಸುವ ಶೆಡ್ಯೂಲ್ ಸಿಎಯಲ್ಲಿ ಆ ಮೊತ್ತ ಕಳೆದಿದೆಯೇ ಎಂದು ಸಲ್ಲಿಸುವ ಮುನ್ನ ನೋಡಿ. ಬಾಕ್ಸ್ 8ರ ಮುನಿಸಿಪಲ್ ಬಾಂಡ್ (ರಾಜ್ಯ, ನಗರಾಡಳಿತಗಳ ಸಾಲಪತ್ರ) ಬಡ್ಡಿಯದು ಇದಕ್ಕೆ ತಿರುವುಮುರುವು: ಫೆಡರಲ್ ತೆರಿಗೆ ಇಲ್ಲ, ಆದರೆ ಬೇರೆ ರಾಜ್ಯದ ಬಾಂಡ್ ಆಗಿದ್ದರೆ ಕ್ಯಾಲಿಫೋರ್ನಿಯಾ ಅದನ್ನು ಆದಾಯಕ್ಕೆ ಸೇರಿಸಿಕೊಳ್ಳುತ್ತದೆ.

ಸಿ.ಡಿ.ಯನ್ನು (ನಮ್ಮ ಎಫ್‌ಡಿಯಂಥ ಅವಧಿ ಠೇವಣಿ) ಅವಧಿಗೆ ಮುಂಚೆ ಮುರಿದಿದ್ದರೆ ಬಾಕ್ಸ್ 2 ನೋಡಿ, ಅದಕ್ಕೆ ಹಾಕಿದ ದಂಡ ಅಲ್ಲಿರುತ್ತದೆ. ಪೂರ್ತಿ ಬಡ್ಡಿಯನ್ನು ತೋರಿಸಿ, ದಂಡವನ್ನು ಶೆಡ್ಯೂಲ್ 1ರಲ್ಲಿ ಪ್ರತ್ಯೇಕವಾಗಿ ಕಳೆಯಬೇಕು.

ಇನ್ನು ಊರಿನ ಎಫ್‌ಡಿ. ಎನ್‌ಆರ್‌ಇ (ವಿದೇಶದ ದುಡಿಮೆ ಇಡುವ ಅನಿವಾಸಿ ಖಾತೆ) ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲವೆಂದು ಇಲ್ಲಿ ಬಿಡುವಂತಿಲ್ಲ. ಅಮೆರಿಕದ ತೆರಿಗೆ ನಿವಾಸಿಗೆ ಅದೂ ಆದಾಯ, 1099 ಬರದಿದ್ದರೂ. ಎನ್‌ಆರ್‌ಒ (ಭಾರತದ ಆದಾಯ ಇಡುವ ಅನಿವಾಸಿ ಖಾತೆ) ಬಡ್ಡಿಯಲ್ಲಿ ಟಿಡಿಎಸ್ ಹಿಡಿದಿದ್ದರೆ ಫಾರ್ಮ್ 1116ರ ಮೂಲಕ ಫೆಡರಲ್‌ನಲ್ಲಿ ಕ್ರೆಡಿಟ್ ಕೇಳಬಹುದು. ಭಾರತ-ಅಮೆರಿಕ ತೆರಿಗೆ ಒಪ್ಪಂದದಂತೆ ಈ ಬಡ್ಡಿಗೆ ಭಾರತ ಹಾಕಬಹುದಾದ ತೆರಿಗೆಯ ಮಿತಿ 15%. ಅದಕ್ಕಿಂತ ಹೆಚ್ಚು ಹಿಡಿದದ್ದನ್ನು ಭಾರತದಲ್ಲಿ ರಿಟರ್ನ್ ಹಾಕಿ ವಾಪಸ್ ಪಡೆಯಬೇಕು. ಕ್ಯಾಲಿಫೋರ್ನಿಯಾ ವಿದೇಶಿ ತೆರಿಗೆಗೆ ಕ್ರೆಡಿಟ್ ಕೊಡುವುದೇ ಇಲ್ಲ.

ಬಡ್ಡಿ 1,500 ಡಾಲರ್ ದಾಟದಿದ್ದರೂ ವಿದೇಶಿ ಖಾತೆ ಇದ್ದರೆ ಶೆಡ್ಯೂಲ್ ಬಿಯ ಮೂರನೇ ಭಾಗ ತುಂಬಬೇಕು. ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದೇ ದಿನ 10,000 ಡಾಲರ್ ದಾಟಿದರೂ ಎಫ್‌ಬಿಎಆರ್ (ವಿದೇಶಿ ಖಾತೆಗಳ ವರದಿ) ಸಲ್ಲಿಸಬೇಕು.

ಭಾರತದ ಬ್ಯಾಂಕು ಕೊಡುವ ಬಡ್ಡಿ ಸರ್ಟಿಫಿಕೇಟ್ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು, ಇಲ್ಲಿ ಬೇಕಾಗುವುದು ಜನವರಿಯಿಂದ ಡಿಸೆಂಬರ್. ಹಾಗಾಗಿ ಸ್ಟೇಟ್‌ಮೆಂಟ್ ತೆಗೆದು ತಿಂಗಳುವಾರು ಕೂಡಿ. ಕ್ಯುಮುಲೇಟಿವ್ ಎಫ್‌ಡಿಯ (ಬಡ್ಡಿ ಅಸಲಿಗೆ ಸೇರುತ್ತಾ ಹೋಗಿ ಕೊನೆಗೆ ಒಟ್ಟಿಗೆ ಸಿಗುವಂಥದ್ದು) ಬಡ್ಡಿಯನ್ನು ಅವಧಿ ಮುಗಿಯುವವರೆಗೆ ಕಾಯದೆ ಆಯಾ ವರ್ಷವೇ ತೋರಿಸಿ.