ಕೇರ್ ಕ್ಯಾರಡಾಕ್ ನೆತ್ತಿಯ ಮೇಲೆ ಕಲಿತ ಲೆಕ್ಕ

ಬೆಟ್ಟದ ಎತ್ತರವನ್ನು ಸಮುದ್ರಮಟ್ಟದಿಂದ ಅಳೆಯುತ್ತಾರೆ ಎಂದು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಭೂಗೋಳದ ಪಾಠ ಹೇಳಿದವಳು ನಾನು. ಬೆಟ್ಟವನ್ನು ಅಳೆಯುವುದಕ್ಕೆ ಇನ್ನೊಂದು ದಾರಿಯೂ ಇದೆ, ಕಣ್ಣಿಗೆ ಬೆಟ್ಟ ಹೇಗೆ ಕಾಣುತ್ತದೆ ಎಂಬುದನ್ನು ಆ ದಾರಿಯೇ ಹೆಚ್ಚು ಚೆನ್ನಾಗಿ ಹೇಳುತ್ತದೆ ಎಂಬುದು ನನಗೆ ಗೊತ್ತಾದದ್ದು ನಿವೃತ್ತಳಾದ ಮೇಲೆ, ಇಂಗ್ಲೆಂಡಿನ ಶ್ರಾಪ್‌ಷೈರ್ ಕೌಂಟಿಯ ಕೇರ್ ಕ್ಯಾರಡಾಕ್ ಎಂಬ 459 ಮೀಟರ್ ಬೆಟ್ಟದ ನೆತ್ತಿಯ ಮೇಲೆ. ಬರ್ಮಿಂಗ್‌ಹ್ಯಾಮಿನಲ್ಲಿರುವ ಮಗಳ ಮನೆಗೆ ಹೋದವಳು ಅಲ್ಲಿಂದ ಎಂಟು ದಿನ ಈ ಕೌಂಟಿಯಲ್ಲಿ ತಿರುಗಾಡಿದೆ. ಶ್ರೂಸ್‌ಬರಿಯ ಹಳೆಯ ಬೀದಿಗಳು, ಲಡ್ಲೋ ಕೋಟೆ ಎಲ್ಲವನ್ನೂ ನೋಡಿದೆನಾದರೂ ಅವುಗಳ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ. ನಾನು ಬರೆಯಬೇಕೆಂದುಕೊಂಡದ್ದು ಬೆಟ್ಟಗಳ ಬಗ್ಗೆ, ಅದರಲ್ಲೂ ಆ ಒಂದು ಮಧ್ಯಾಹ್ನದ ಬಗ್ಗೆ.

ಶ್ರಾಪ್‌ಷೈರ್ ಇರುವುದು ವೇಲ್ಸ್‌ನ ಗಡಿಗೆ ತಾಗಿಕೊಂಡು. ಕೌಂಟಿಯ ದಕ್ಷಿಣ ಭಾಗ ಬೆಟ್ಟಗುಡ್ಡಗಳ ಸೀಮೆ. 1958ರಲ್ಲೇ ಸರ್ಕಾರ ಅದನ್ನು ವಿಶೇಷ ಪ್ರಕೃತಿ ಸೌಂದರ್ಯದ ಪ್ರದೇಶವೆಂದು ಘೋಷಿಸಿತು. ಅಲ್ಲಿನ ಬೆಟ್ಟಗಳನ್ನು ತಿರುಗಲು ಚರ್ಚ್ ಸ್ಟ್ರೆಟನ್ ಎಂಬ ಪುಟ್ಟ ಊರಿಗಿಂತ ಒಳ್ಳೆಯ ಬಿಡಾರವಿಲ್ಲ. ಶ್ರೂಸ್‌ಬರಿಯಿಂದ ಹೆರೆಫರ್ಡ್‌ಗೆ ಹೋಗುವ ರೈಲು ಅಲ್ಲಿ ನಿಲ್ಲುತ್ತದೆ. ರೈಲಿನಿಂದ ಇಳಿದರೆ ಪಶ್ಚಿಮಕ್ಕೆ ಲಾಂಗ್ ಮಿಂಡ್ ಎಂಬ ಉದ್ದನೆಯ, ಮಟ್ಟಸವಾದ ಬೆಟ್ಟ ಗೋಡೆಯಂತೆ ಎದ್ದಿರುತ್ತದೆ. ಪೂರ್ವಕ್ಕೆ ಕೇರ್ ಕ್ಯಾರಡಾಕ್ ಒಂಟಿಯಾಗಿ, ಮೊನಚಾಗಿ ನಿಂತಿರುತ್ತದೆ. ಲಾಂಗ್ ಮಿಂಡ್‌ನ ಅತಿ ಎತ್ತರದ ಜಾಗವಾದ ಪೋಲ್ ಬ್ಯಾಂಕ್ 516 ಮೀಟರ್. ಅಂದರೆ ಅದು ಕ್ಯಾರಡಾಕ್‌ಗಿಂತ 57 ಮೀಟರ್ ಹೆಚ್ಚು. ಆದರೂ ಊರಿನ ಯಾವ ಮೂಲೆಯಲ್ಲಿ ನಿಂತರೂ ಕಣ್ಣು ಹೋಗಿ ನಿಲ್ಲುವುದು ಕ್ಯಾರಡಾಕ್ ಮೇಲೆಯೇ.

ಮೊಮ್ಮಗಳನ್ನು ಕರೆದುಕೊಂಡು ಆ ಬೆಟ್ಟ ಹತ್ತಿದೆ. ಅವಳಿಗೆ ಹತ್ತು ವರ್ಷ. ದಕ್ಷಿಣದ ಕಡೆಯ ಏರು ಬಹಳ ಕಡಿದು. ಕುರಿ ಮೇಯ್ದು ನುಣುಪಾದ ಹುಲ್ಲಿನ ಮೇಲೆ ಕಾಲು ಜಾರುತ್ತದೆ, ಇಕ್ಕೆಲದಲ್ಲೂ ಸೊಂಟದೆತ್ತರಕ್ಕೆ ಬೆಳೆದ ಜರಿಗಿಡ. ಮೇಲೇರಿದಂತೆ ಹುಲ್ಲಿನ ನಡುವಿನಿಂದ ಕಪ್ಪು ಬಂಡೆಗಳು ತಲೆ ಹಾಕುತ್ತವೆ. ಅವು ಐವತ್ತು ಕೋಟಿ ವರ್ಷಕ್ಕೂ ಹಿಂದಿನ ಜ್ವಾಲಾಮುಖಿಯ ಬಂಡೆಗಳು. ನೆತ್ತಿಯ ಸುತ್ತ ಕಬ್ಬಿಣಯುಗದ ಕೋಟೆಯೊಂದರ ಮಣ್ಣಿನ ಏರಿಗಳು ಇನ್ನೂ ಸ್ಪಷ್ಟವಾಗಿ ಉಳಿದಿವೆ. ಬ್ರಿಟನ್ನಿನ ನಾಯಕ ಕ್ಯಾರಟಕಸ್ ರೋಮನ್ನರೊಡನೆ ಕೊನೆಯ ಯುದ್ಧ ಮಾಡಿದ್ದು ಇಲ್ಲಿಯೇ ಎಂಬ ಐತಿಹ್ಯವಿದೆ. ಬೆಟ್ಟಕ್ಕೆ ಹೆಸರು ಬಂದದ್ದೂ ಅವನಿಂದಲೇ ಎನ್ನುತ್ತಾರೆ.

ನೆತ್ತಿಯಲ್ಲಿ ಬಂಡೆಗೆ ಒರಗಿ ಒಬ್ಬ ಹಿರಿಯರು ಕುಳಿತಿದ್ದರು. ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತ, ತೊಡೆಯ ಮೇಲೆ ಹಾಸಿದ್ದ ನಕ್ಷೆಯ ಅಂಚು ಗಾಳಿಗೆ ಹಾರದಂತೆ ಮೊಣಕೈಯಿಂದ ಒತ್ತಿ ಹಿಡಿದಿದ್ದರು. ಮಾತಿಗೆ ಮೊದಲು ಮಾಡಿದವಳು ಮೊಮ್ಮಗಳು. "ಇದು ಹಿಲ್ಲೋ, ಮೌಂಟನ್ನೋ?" ಎಂದು ನೇರವಾಗಿ ಕೇಳಿಬಿಟ್ಟಳು.

"ಹಿಲ್. ಈ ಇಡೀ ಕೌಂಟಿಯಲ್ಲಿ ಹುಡುಕಿದರೂ ನಿನಗೆ ಒಂದು ಮೌಂಟನ್ ಸಿಗುವುದಿಲ್ಲ ಮಗೂ," ಎಂದರು ಅವರು. ನಾನು ಎದುರಿನ ಲಾಂಗ್ ಮಿಂಡ್ ಕಡೆ ಕೈತೋರಿಸಿ, ಮಿಂಡ್ ಎಂಬ ಮಾತು ಬಂದದ್ದು ಪರ್ವತ ಎಂಬ ಅರ್ಥದ ವೆಲ್ಷ್ ಪದದಿಂದ ಎಂದು ಓದಿದ್ದೇನಲ್ಲ ಎಂದೆ. "ಹೆಸರಿನಲ್ಲಿ ಇದೆ, ಲೆಕ್ಕದಲ್ಲಿ ಇಲ್ಲ," ಎಂದು ಅವರು ನಮ್ಮಿಬ್ಬರಿಗೂ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರಂತೆ. ಅಲ್ಲಿಂದ ಮುಂದಿನ ಒಂದೂವರೆ ಗಂಟೆ ನಾವು ಮೂವರೂ ಕದಲಲಿಲ್ಲ.

ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಇಂಗ್ಲೆಂಡಿನಲ್ಲಿ ಬಹುಕಾಲದಿಂದ ಎರಡು ಸಾವಿರ ಅಡಿ, ಅಂದರೆ 609.6 ಮೀಟರ್ ದಾಟಿದ್ದನ್ನು ಮೌಂಟನ್ ಎನ್ನುವ ವಾಡಿಕೆ ಇದೆ. ಜನರಿಗೆ ಗ್ರಾಮೀಣ ಪ್ರದೇಶದಲ್ಲಿ ನಡೆದಾಡುವ ಹಕ್ಕು ಕೊಟ್ಟ 2000ದ ಕಾನೂನು 600 ಮೀಟರಿಗೂ ಮೇಲಿನ ನೆಲವನ್ನು ಮೌಂಟನ್ ಎಂದು ಪರಿಗಣಿಸುತ್ತದೆ. ಶ್ರಾಪ್‌ಷೈರ್‌ನ ಅತಿ ಎತ್ತರದ ಬ್ರೌನ್ ಕ್ಲೀ ಬೆಟ್ಟ 540 ಮೀಟರ್, ಸ್ಟೈಪರ್‌ಸ್ಟೋನ್ಸ್ 536, ಟಿಟರ್‌ಸ್ಟೋನ್ ಕ್ಲೀ 533. ಮೂರಕ್ಕೂ ಗೆರೆ ದಾಟುವಷ್ಟು ಎತ್ತರವಿಲ್ಲ. ಗೆರೆಯ ಹತ್ತಿರ ಬಂದ ಬೆಟ್ಟಗಳ ಕಥೆ ಇನ್ನೂ ವಿಚಿತ್ರ. ಕಂಬ್ರಿಯಾದ ಕಾಫ್ ಟಾಪ್ ಎಂಬ ಬೆಟ್ಟ ಎಷ್ಟೋ ವರ್ಷ ಹಿಲ್ ಆಗಿಯೇ ಇತ್ತು. 2016ರಲ್ಲಿ ಅದರ ಎತ್ತರ 609.606 ಮೀಟರ್ ಎಂದು ಖಚಿತವಾಗಿ ಅದು ಮೌಂಟನ್ ಆಯಿತು. ಮೌಂಟನ್ ಆದದ್ದು ಆರು ಮಿಲಿಮೀಟರಿನಿಂದ, ಒಂದು ಕಡಲೆಕಾಳಿನಷ್ಟು ಅಂತರದಿಂದ. ಇದನ್ನು ಹೇಳುವಾಗ ಆ ಹಿರಿಯರ ದನಿಯಲ್ಲಿ ನಿಜವಾದ ಸಂಭ್ರಮವಿತ್ತು, ಆ ಬೆಟ್ಟ ಅವರ ಮನೆಯ ಮಗುವೋ ಎಂಬಂತೆ.

"ಆದರೆ ಎತ್ತರದ ಲೆಕ್ಕ ಅರ್ಧ ಮಾತ್ರ," ಎಂದು ಅವರು ನಕ್ಷೆಯನ್ನು ಮೊಮ್ಮಗಳ ಕಡೆ ತಿರುಗಿಸಿದರು. "ಈಗ ಸಮುದ್ರ ಉಕ್ಕಿ ಬರುತ್ತಿದೆ ಎಂದುಕೊ. ಹೊಲ ಮುಳುಗಿತು, ಹಳ್ಳಿ ಮುಳುಗಿತು. ನೀರು ಏರುತ್ತ ಏರುತ್ತ ಕ್ಯಾರಡಾಕ್ ಒಂದು ದ್ವೀಪವಾಗುವ ಗಳಿಗೆ ಬರುತ್ತದೆ. ಇದಕ್ಕಿಂತ ಎತ್ತರದ ನೆಲಕ್ಕೆ ಇಲ್ಲಿಂದ ಕಾಲು ನೆನೆಯದೆ ನಡೆದು ಹೋಗುವ ಕೊನೆಯ ದಾರಿ ಮುಚ್ಚುವ ಗಳಿಗೆ ಅದು. ಆ ನೀರಿನ ಮಟ್ಟದಿಂದ ನಾವು ಕುಳಿತಿರುವ ಈ ಬಂಡೆಯವರೆಗೆ ಎಷ್ಟೋ, ಅದೇ ಈ ಬೆಟ್ಟದ ಸ್ವಂತ ಎತ್ತರ."

ಸ್ವಂತ ಎತ್ತರ ಎಂಬ ಮಾತು ನನ್ನದು. ಅವರು ಬಳಸಿದ್ದು ಪ್ರಾಮಿನೆನ್ಸ್ ಎಂಬ ಪದ. ಹೀಗೆ ಅಳೆದಾಗ 150 ಮೀಟರಾದರೂ ಸ್ವಂತ ಎತ್ತರವಿರುವ ಬೆಟ್ಟವನ್ನು ಮ್ಯಾರಿಲಿನ್ ಎನ್ನುತ್ತಾರೆ. ಸಮುದ್ರಮಟ್ಟದಿಂದ ಅದು ಎಷ್ಟು ಎತ್ತರದಲ್ಲಿದೆ ಎಂಬುದನ್ನು ಯಾರೂ ಕೇಳುವುದಿಲ್ಲ. 1992ರಲ್ಲಿ ಅಲನ್ ಡಾಸನ್ ಎಂಬವರು ಬ್ರಿಟನ್ನಿನ ಇಂಥ ಬೆಟ್ಟಗಳ ಪಟ್ಟಿ ಮಾಡಿದರು. ಈಗ ಅದರಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಬೆಟ್ಟಗಳಿವೆ. ಸ್ಕಾಟ್ಲೆಂಡಿನ ಮೂರು ಸಾವಿರ ಅಡಿ ಮೀರಿದ ಶಿಖರಗಳಿಗೆ, 1891ರಲ್ಲಿ ಅವುಗಳ ಪಟ್ಟಿ ಪ್ರಕಟಿಸಿದ ಸರ್ ಹ್ಯೂ ಮನ್ರೋ ಅವರ ಹೆಸರಿನಿಂದ ಮನ್ರೋ ಎನ್ನುವ ರೂಢಿ ಮೊದಲೇ ಇತ್ತು. ಆ ಮನ್ರೋಗೆ ಜೊತೆಯಾಗಲಿ ಎಂದು ಚಿತ್ರನಟಿ ಮ್ಯಾರಿಲಿನ್ ಮನ್ರೋ ಹೆಸರಿನ ಮೊದಲರ್ಧ ಈ ಪಟ್ಟಿಗೆ ಬಂತು. ಇವಲ್ಲದೆ ಹ್ಯೂಯಿಟ್, ನಟಾಲ್, ಡ್ಯೂಯಿ ಎಂದು ಇನ್ನೂ ಹಲವು ವರ್ಗಗಳಿವೆ. ಎರಡು ಸಾವಿರ ಅಡಿ ಮೀರಿ, ಪಕ್ಕದ ತಗ್ಗಿನಿಂದ 30 ಮೀಟರಾದರೂ ಎದ್ದಿದ್ದರೆ ಹ್ಯೂಯಿಟ್. 15 ಮೀಟರ್ ಸಾಕು ಎಂದರೆ ನಟಾಲ್. 500 ಮೀಟರಿನಿಂದ ಎರಡು ಸಾವಿರ ಅಡಿಯ ಒಳಗಿನವು ಡ್ಯೂಯಿ. ನಿಜ ಹೇಳಬೇಕೆಂದರೆ ಈ ಅಡಿಗಳ ಪಟ್ಟಿಗಳು ನನ್ನ ಮನಸ್ಸಿಗೆ ಅಷ್ಟಾಗಿ ಹತ್ತಲಿಲ್ಲ. ಮನುಷ್ಯನ ಪಾದದ ಅಳತೆಯಲ್ಲಿ ಎರಡು ಸಾವಿರ ಎಂಬ ದುಂಡು ಸಂಖ್ಯೆಗೆ ಬೆಟ್ಟದ ಜೊತೆ ಏನು ಸಂಬಂಧ? ಮ್ಯಾರಿಲಿನ್ ಲೆಕ್ಕದ 150 ಕೂಡ ಮನುಷ್ಯ ಆರಿಸಿಕೊಂಡ ಸಂಖ್ಯೆಯೇ. ಆದರೆ ಅಲ್ಲಿ ಅಳತೆ ಶುರುವಾಗುವ ಜಾಗವನ್ನು ನೆಲವೇ ಗೊತ್ತುಮಾಡುತ್ತದೆ.

ಅದರ ಫಲವನ್ನು ಅವರು ಒಂದೇ ಉದಾಹರಣೆಯಲ್ಲಿ ತೋರಿಸಿದರು. ಲೇಕ್ ಡಿಸ್ಟ್ರಿಕ್ಟ್‌ನ ಬೋಫೆಲ್ ಶಿಖರ 902 ಮೀಟರ್, ನಾವು ಕುಳಿತಿದ್ದ ಬೆಟ್ಟಕ್ಕೆ ಸುಮಾರು ಎರಡು ಪಟ್ಟು. ಆದರೆ ಅದರ ಸ್ವಂತ ಎತ್ತರ 150 ಮೀಟರಿಗೆ ಎರಡೇ ಮೀಟರ್ ಕಡಿಮೆ. ಹಾಗಾಗಿ ಅದು ಮ್ಯಾರಿಲಿನ್ ಅಲ್ಲ, ಕ್ಯಾರಡಾಕ್ ಹೌದು. ಬ್ರೌನ್ ಕ್ಲೀ ಬೆಟ್ಟಕ್ಕೆ ಎರಡು ತಲೆ, ಆಬ್ಡನ್ ಬರ್ಫ್ ಮತ್ತು ಕ್ಲೀ ಬರ್ಫ್. ಎರಡೂ ಕ್ಯಾರಡಾಕ್‌ಗಿಂತ ಎತ್ತರವೇ, ಆದರೂ ಪಟ್ಟಿಯಲ್ಲಿರುವುದು ಮೊದಲನೆಯದು ಮಾತ್ರ. ಬಯಲಿನ ನಡುವೆ ಎದ್ದು ನಿಂತ ರೀಕಿನ್ 407 ಮೀಟರ್ ಅಷ್ಟೇ; ಅದು ನಿರಾಯಾಸವಾಗಿ ಪಟ್ಟಿಯಲ್ಲಿದೆ. ಆ ಸೀಮೆಯ ಜನರು ಸುತ್ತಿ ಬಳಸಿ ಬಂದದ್ದಕ್ಕೆ ರೀಕಿನ್ ಸುತ್ತಿ ಬಂದೆ ಎನ್ನುತ್ತಾರೆ. ಅಷ್ಟು ದೂರದಿಂದ ಕಾಣುವ ಬೆಟ್ಟವಲ್ಲವೇ!

"ಹಾಗಾದರೆ ಕ್ಯಾರಡಾಕ್‌ನ ಆ ಕೊನೆಯ ದಾರಿ ಎಲ್ಲಿದೆ?" ಎಂದು ನಾನು ಕೇಳಿದೆ. ಅವರು ಕೆಳಗೆ ಕಣಿವೆಯ ಕಡೆ ಬೆರಳು ತೋರಿದರು. ಆಗ ಸರಿಯಾಗಿ ಎರಡು ಬೋಗಿಯ ರೈಲೊಂದು ಚರ್ಚ್ ಸ್ಟ್ರೆಟನ್ ಬಿಟ್ಟು ಉತ್ತರಕ್ಕೆ ಹೊರಟಿತ್ತು. "ಅಲ್ಲೇ, ಆ ಹಳಿಯ ಆಸುಪಾಸಿನಲ್ಲೇ. 1852ರಲ್ಲಿ ರೈಲು ದಾರಿ ಮಾಡಿದವರು ಹುಡುಕಿದ್ದೂ ಅದನ್ನೇ. ಎರಡು ಬೆಟ್ಟಗಳ ನಡುವೆ ದಾಟುವುದಕ್ಕೆ ಅತಿ ತಗ್ಗಾದ ಜಾಗ ಯಾವುದು ಎಂದು. ನಾನು ಕೆಲಸ ಮಾಡಿದ್ದು ಆ ತಗ್ಗಿನಲ್ಲಿ. ನಿವೃತ್ತನಾದ ಮೇಲೆ ಅದೇ ತಗ್ಗಿನಿಂದ ಬೆಟ್ಟಗಳನ್ನು ಎಣಿಸುತ್ತಿದ್ದೇನೆ." ಆ ತಗ್ಗು ಸುಮಾರು 190 ಮೀಟರ್ ಎತ್ತರದಲ್ಲಿದೆ, 459ರಲ್ಲಿ ಅದನ್ನು ಕಳೆದರೆ ಉಳಿಯುವ ಸುಮಾರು 270 ಮೀಟರ್ ಕ್ಯಾರಡಾಕ್‌ನದೇ. ಮೊಮ್ಮಗಳು ಮಂಡಿಯ ಮೇಲೆ ಪುಸ್ತಕವಿಟ್ಟುಕೊಂಡು ಕಳೆಯುವ ಲೆಕ್ಕ ಮಾಡಿ ಅವರಿಗೆ ತೋರಿಸಿದಳು. ಅವರು ತಮ್ಮ ಪೆನ್ನಿನಿಂದ ಅದಕ್ಕೆ ಸರಿ ಗುರುತು ಹಾಕಿದರು.

ನಮ್ಮ ಊರಿನ ಕಡೆ ದಿಣ್ಣೆ, ಗುಡ್ಡ, ಬೆಟ್ಟ ಎಂದು ಬೇರೆ ಬೇರೆ ಹೆಸರಿಟ್ಟವರು ಯಾರೂ ಮೀಟರ್ ನೋಡಿ ಇಟ್ಟವರಲ್ಲ. ಬುಡದಲ್ಲಿ ನಿಂತು ತಲೆ ಎಷ್ಟು ಎತ್ತಬೇಕಾಯಿತು ಎಂಬುದೇ ಅವರ ಅಳತೆ. ಕ್ಯಾರಡಾಕ್ ಇಳಿಯುವಾಗ ನನ್ನನ್ನು ಹಿಡಿದು ನಿಲ್ಲಿಸಿದ ಯೋಚನೆ ಇದು: ಆ ಹಿರಿಯರ ಲೆಕ್ಕವೂ ಬುಡದಿಂದಲೇ ಶುರುವಾಗುತ್ತದೆ.

ಮರುದಿನ ಮಳೆ. ಅದರ ಮರುದಿನ ಒಬ್ಬಳೇ ಸ್ಟೈಪರ್‌ಸ್ಟೋನ್ಸ್‌ಗೆ ಹೋದೆ. ಅಲ್ಲಿನ ಬೆಣಚು ಬಂಡೆಗಳು ಹಿಮಯುಗದ ಚಳಿಗೆ ಸಿಡಿದು ಬೆನ್ನೆಲುಬಿನಂತೆ ಸಾಲಾಗಿ ನಿಂತಿವೆ. ಅವುಗಳಲ್ಲೊಂದು ಸೈತಾನನ ಕುರ್ಚಿ. ಮಂಜು ಮುಸುಕಿದಾಗ ಅವನು ಬಂದು ಕೂರುತ್ತಾನಂತೆ. 536 ಮೀಟರಿನ ಮ್ಯಾನ್‌ಸ್ಟೋನ್ ಬಂಡೆಯ ತುದಿಗೆ ಕೈಯೂರಿಯೇ ಹತ್ತಬೇಕು. ಬೆಟ್ಟ ಅದ್ಭುತ; ಬಸ್ಸಿನ ಅನುಭವ ಮಾತ್ರ ಇನ್ನೂ ಕಹಿಯಾಗಿದೆ. ತಂಗುದಾಣದಲ್ಲಿ ಅಂಟಿಸಿದ್ದ ವೇಳಾಪಟ್ಟಿ ಹಿಂದಿನ ವರ್ಷದ್ದಾಗಿತ್ತು. ಅದನ್ನು ನಂಬಿ ಗಾಳಿಯಲ್ಲಿ ಒಂದೂವರೆ ಗಂಟೆ ನಿಂತೆ. ಕೊನೆಯ ಬಸ್ಸು ನಾನು ಬರುವ ಮೊದಲೇ ಹೋಗಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಎರಡು ಮೈಲಿ ನಡೆದು, ಒಂದು ಮನೆಯ ಬಾಗಿಲು ತಟ್ಟಿ ಟ್ಯಾಕ್ಸಿ ಕರೆಸಿಕೊಳ್ಳಬೇಕಾಯಿತು. ಆದ್ದರಿಂದ ಹೋಗುವವರಿಗೆ ಒಂದು ಮಾತು: ಬೆಟ್ಟಗಳ ಕಡೆಯ ಬಸ್ಸು ಬೇಸಿಗೆಯ ವಾರಾಂತ್ಯಗಳಲ್ಲಿ ಮಾತ್ರ ಎಂದೇ ತಿಳಿದುಕೊಂಡು, ಹೊರಡುವ ದಿನ ಬೆಳಿಗ್ಗೆ ಸಮಯವನ್ನು ಕೇಳಿ ಖಚಿತಪಡಿಸಿಕೊಳ್ಳಿ, ಟ್ಯಾಕ್ಸಿಯ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಫೋನಿನ ನಕ್ಷೆಯನ್ನಷ್ಟೇ ನಂಬದೆ ಆರ್ಡನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ 217 ಹಾಳೆಯನ್ನು ಕೊಂಡುಕೊಳ್ಳಿ. ಮಣ್ಣಿನ ದಾರಿಗೆ ಸಾಕಾಗುವ ಬೂಟು ಆ ಬೆಣಚು ಕಲ್ಲುಗಳ ಮೇಲೆ ಸಾಲದು. ಪಾದ ಹೊರಳದಂತೆ ಹಿಡಿಯುವ ಬೂಟೇ ಬೇಕು.

ಟಿಟರ್‌ಸ್ಟೋನ್ ಕ್ಲೀ ನನಗೆ ಹಿಡಿಸಲಿಲ್ಲ. ನೆತ್ತಿಯಲ್ಲಿ ರೇಡಾರಿನ ಬಿಳಿಯ ಗೋಳ, ಕೆಳಗೆ ಕಲ್ಲುಗಣಿಯ ಪಾಳು ಕಾಂಕ್ರೀಟು. ಬೆಟ್ಟವನ್ನು ಬಳಸಿ ಬಿಟ್ಟುಹೋದಂತಿದೆ.

ಹೊರಡುವ ದಿನ ಮಗಳೂ ಮೊಮ್ಮಗಳೂ ನನ್ನನ್ನು ಕರೆದೊಯ್ಯಲು ಬಂದಿದ್ದರು. ಚರ್ಚ್ ಸ್ಟ್ರೆಟನ್ ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ನಿಂತಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ಈ ತಗ್ಗಿನ ಉತ್ತರಕ್ಕೆ ಬಿದ್ದ ನೀರು ಆ ಕಡೆಯಿಂದಲೇ ಸೆವರ್ನ್ ನದಿ ಸೇರುತ್ತದೆ. ದಕ್ಷಿಣಕ್ಕೆ ಬಿದ್ದದ್ದು ಓನಿ ಹೊಳೆಗೆ, ಅಲ್ಲಿಂದ ಟೀಮ್ ನದಿಗೆ ಹರಿದು, ವೂಸ್ಟರ್ ದಾಟಿದ ಮೇಲೆ ಅದೇ ಸೆವರ್ನ್ ಸೇರುತ್ತದೆ. ಇದನ್ನು ಮಗಳಿಗೆ ವಿವರಿಸುತ್ತಿದ್ದೆ. ಮೊಮ್ಮಗಳು ಒಮ್ಮೆ ಹಳಿಯನ್ನು, ಒಮ್ಮೆ ಮೋಡ ಕವಿದ ಕ್ಯಾರಡಾಕ್ ನೆತ್ತಿಯನ್ನು ನೋಡಿ, "ಅಜ್ಜಿ, ಹಾಗಾದರೆ ಆ ತಾತನ ಸಮುದ್ರ ಬಂದರೆ ನೀರು ಇಲ್ಲಿಯವರೆಗೆ ಬರುತ್ತೆ, ಅಲ್ವಾ?" ಎಂದಳು.

"ಹೌದು ಕಣೇ, ನಿನ್ನ ಚಪ್ಪಲಿಯವರೆಗೆ," ಎಂದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಅಷ್ಟರಲ್ಲಿ ಶ್ರೂಸ್‌ಬರಿಯ ರೈಲು ಬಂತು.