ಜಾವಾದ ಬಲಬದಿಯ ಸೀಲು

ಮೈಸೂರು, ಭಾನುವಾರ, 2 ಫೆಬ್ರವರಿ 2025

ಬೆಳಿಗ್ಗೆ ಒಂಬತ್ತಕ್ಕೆ ಇಂಜಿನ್ನಿನ ಮೇಲಿನ ಮುಚ್ಚಳವಾದ ಹೆಡ್ಡಿನ ನಟ್ಟುಗಳನ್ನು ಸಡಿಲಿಸಲು ಆರಂಭಿಸಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಅಪ್ಪನ ಜಾವಾ 250 ಮೋಟಾರ್ ಸೈಕಲ್ಲಿನ ಬ್ಲಾಕು (ಪಿಸ್ಟನ್ನು ಓಡಾಡುವ ಸಿಲಿಂಡರು), ಪಿಸ್ಟನ್ನು, ಅದರ ರಿಂಗುಗಳು ಹಳೆಯ ಪಂಚೆಯೊಂದರ ಮೇಲೆ ಸಾಲಾಗಿ ಮಲಗಿದ್ದವು. ಮೂರು ತಿಂಗಳಿನಿಂದ ಈ ಗಾಡಿಯ ತೊಂದರೆ ಪೆಟ್ರೋಲನ್ನು ಹೊತ್ತಿಸುವ ಕಿಡಿಯದ್ದೇ ಎಂದು ನಂಬಿ ಕೆಲಸ ಮಾಡುತ್ತಿದ್ದೆ. ಆ ನಂಬಿಕೆ ಅರ್ಧ ಮಾತ್ರ ಸರಿಯಾಗಿತ್ತು ಎಂಬುದನ್ನು ನಿನ್ನೆ ಮತ್ತು ಇಂದು ಕಂಡದ್ದರಿಂದ ತಿಳಿದುಕೊಂಡಿದ್ದೇನೆ. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಗಾಡಿ ಇದೇ ಊರಿನದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದನ್ನು ಅಪ್ಪ 1967ರಲ್ಲಿ ಕೊಂಡರು. ಕಾರ್ಖಾನೆ 1996ರಲ್ಲಿ ಮುಚ್ಚಿತು, ಅದಾದ ಎರಡು ವರ್ಷಕ್ಕೆ ಗಾಡಿಯೂ ಹಿತ್ತಲಿನ ತಗಡಿನ ಮಾಡಿನ ಕೆಳಗೆ ನಿಂತಿತು. ಕಳೆದ ನವೆಂಬರಿನಲ್ಲಿ ಅದು ಮತ್ತೆ ಹೊತ್ತಿಕೊಂಡಾಗ ಮನೆಯವರೆಲ್ಲ ಹೊರಗೆ ಬಂದು ನಿಂತಿದ್ದೆವು. ಆದರೆ ತಣ್ಣಗಿರುವಾಗ ನಾಲ್ಕೈದು ಕಿಕ್ಕಿಗೆ ಹೊತ್ತಿಕೊಳ್ಳುವ ಇಂಜಿನ್ನು ಐದು ಕಿಲೋಮೀಟರು ಓಡಿ ಬಿಸಿಯಾದೊಡನೆ ಮಿಸ್ ಹೊಡೆದು ನಿಲ್ಲುತ್ತಿತ್ತು, ಅರ್ಧ ಗಂಟೆ ಆರುವ ತನಕ ಮತ್ತೆ ಹೊತ್ತಿಕೊಳ್ಳುತ್ತಿರಲಿಲ್ಲ. ಇಂಥ ಲಕ್ಷಣವನ್ನು ಕೇಳಿದ ಯಾವ ಮೆಕ್ಯಾನಿಕ್ಕಾದರೂ ಮೊದಲು ಕಂಡೆನ್ಸರನ್ನೇ ಹೇಳುತ್ತಾನೆ, ಹೇಳಬೇಕಾದದ್ದೂ ಅದೇ. ಕಂಡೆನ್ಸರ್ ಹಾಳಾಗಿಯೇ ಇತ್ತು. ಪಾಯಿಂಟ್, ಅಂದರೆ ಕರೆಂಟನ್ನು ಕಡಿದು ಪ್ಲಗ್ಗಿನಲ್ಲಿ ಕಿಡಿ ಹುಟ್ಟಿಸುವ ಸ್ವಿಚ್ಚು, ತೆರೆಯುವಾಗಲೆಲ್ಲ ಅಲ್ಲೇ ದಪ್ಪನೆಯ ಹಳದಿ ಕಿಡಿ ಹಾರುತ್ತಿತ್ತು; ಅದನ್ನು ತಡೆಯುವುದೇ ಕಂಡೆನ್ಸರಿನ ಕೆಲಸ. ಹೊಸದನ್ನು ಹಾಕಿದ ಮೇಲೆ ಅದು ನಿಂತು, ಪ್ಲಗ್ಗಿನಲ್ಲಿ ನೀಲಿ ಕಿಡಿ ಬಂತು. ಗಾಡಿ ಐದರ ಬದಲು ಎಂಟು ಕಿಲೋಮೀಟರು ಓಡಿ ನಿಂತಿತು.

ಅಲ್ಲಿಂದ ಮುಂದೆ ನಾನು ಕಳೆದ ವಾರಗಳು ಪಾಯಿಂಟಿನ ಸುತ್ತಲೇ ಕಳೆದವು. ಪಾಯಿಂಟಿನ ಮುಖಗಳನ್ನು ಒರಸಿ, ಉಜ್ಜಿ, ತೆರೆದಾಗ ಅವುಗಳ ನಡುವಿನ ಗ್ಯಾಪನ್ನು ಫೀಲರ್ ಗೇಜಿನಲ್ಲಿ (ಸಂದು ಅಳೆಯುವ ತೆಳು ತಗಡು) 0.4 ಮಿ.ಮೀ.ಗೆ ಇಟ್ಟರೆ ಎರಡು ದಿನ ಚೆನ್ನಾಗಿರುತ್ತಿತ್ತು. ಮೂರನೆಯ ದಿನ ತೆರೆದು ನೋಡಿದರೆ ಮುಖಗಳ ಮೇಲೆ ಎಣ್ಣೆಯ ತೆಳುವಾದ ಪೊರೆ ಸುಟ್ಟು ಕಪ್ಪಾಗಿರುತ್ತಿತ್ತು, ಗ್ಯಾಪೂ ಬದಲಾಗಿರುತ್ತಿತ್ತು. ಆರು ವೋಲ್ಟಿನ ಗಾಡಿಯಲ್ಲಿ ಇದು ಸಣ್ಣ ವಿಷಯವಲ್ಲ. ಹನ್ನೆರಡು ವೋಲ್ಟಿನ ವ್ಯವಸ್ಥೆ ಹೇಗೋ ದಾಟಿಕೊಂಡು ಹೋಗುವ ಕೊಳೆಯನ್ನು ಆರು ವೋಲ್ಟು ದಾಟಲಾರದು. ಕಿಡಿಗೆ ವೋಲ್ಟೇಜು ಏರಿಸಿ ಕೊಡುವ ಕಾಯಿಲಿಗೆ ಹೋಗುವ ಕರೆಂಟು ಅಷ್ಟಕ್ಕೇ ತಗ್ಗಿ ಕಿಡಿ ಬಡವಾಗುತ್ತದೆ. ಪ್ಲಗ್ಗನ್ನು ಬಿಚ್ಚಿ ಇಂಜಿನ್ನಿನ ಫಿನ್ನಿಗೆ ತಾಗಿಸಿ ಕಿಡಿ ನೋಡಿ ಸಮಾಧಾನಪಡುವುದರಲ್ಲಿಯೂ ಮೋಸವಿದೆ. ಹೊರಗಿನ ಗಾಳಿಯಲ್ಲಿ ಸುಲಭವಾಗಿ ಹಾರುವ ಕಿಡಿಗೆ ಒಳಗಿನ ಕಂಪ್ರೆಶನ್ನಿನಲ್ಲಿ, ಅಂದರೆ ಒತ್ತಿದ ಗಾಳಿಯಲ್ಲಿ, ಬಹಳ ಹೆಚ್ಚಿನ ವೋಲ್ಟೇಜು ಬೇಕಾಗುತ್ತದೆ. ಕೆಲಸ ಮಾಡಬೇಕಾದ ಜಾಗದಲ್ಲಿ ಕಿಡಿ ಹಾರುತ್ತಿದೆಯೇ ಎಂಬುದಕ್ಕೆ ಆ ಪರೀಕ್ಷೆ ಉತ್ತರ ಕೊಡುವುದಿಲ್ಲ.

ನನ್ನನ್ನು ಪಾಯಿಂಟಿನಿಂದ ಆಚೆಗೆ ತಿರುಗಿಸಿದ್ದು ಅಪ್ಪ. ಗುರುವಾರ ಸಂಜೆ ಅವರು ಕುರ್ಚಿ ಹಾಕಿಕೊಂಡು ನೋಡುತ್ತ ಕುಳಿತಿದ್ದವರು, "ಕೊನೇ ಎರಡು ವರ್ಷ ಚಾಮುಂಡಿ ಬೆಟ್ಟ ಇಳಿಯುವಾಗ ಕೈ ಬಿಟ್ಟರೂ ಇದರ ರೇಸು ಇಳೀತಾ ಇರಲಿಲ್ಲ ಕಣೋ, ಆಮೇಲೇ ನಾನು ಓಡಿಸೋದು ಬಿಟ್ಟಿದ್ದು" ಎಂದರು. ಅದೇ ಲಕ್ಷಣವನ್ನು ನಾನೂ ಕಂಡಿದ್ದೆ, ಆದರೆ ಥ್ರಾಟಲಿನ ಕೇಬಲ್ಲು ಹಿಡಿಯುತ್ತಿದೆ ಎಂದುಕೊಂಡು ಗ್ರೀಸು ಹಾಕಿ ಸುಮ್ಮನಾಗಿದ್ದೆ. ಥ್ರಾಟಲ್ ಮುಚ್ಚಿದ ಮೇಲೂ ಟೂ-ಸ್ಟ್ರೋಕ್ ಇಂಜಿನ್ನಿನ ವೇಗ ಇಳಿಯದಿದ್ದರೆ, ಪೆಟ್ರೋಲು-ಗಾಳಿ ಬೆರೆಸುವ ಕಾರ್ಬ್ಯುರೇಟರನ್ನು ಹಾದು ಬರದ ಗಾಳಿ ಎಲ್ಲಿಂದಲೋ ಒಳಗೆ ಹೋಗುತ್ತಿದೆ ಎಂದು ಅನುಮಾನಿಸಬೇಕು. ಈ ಇಂಜಿನ್ನಿನಲ್ಲಿ ಕ್ರ್ಯಾಂಕ್ ಕೇಸೂ (ಪಿಸ್ಟನ್ನಿನ ಕೆಳಗೆ ಕ್ರ್ಯಾಂಕು ತಿರುಗುವ ಪೆಟ್ಟಿಗೆ) ಒಂದು ಪಂಪು. ಪಿಸ್ಟನ್ ಮೇಲೇರುವಾಗ ಅದು ಎಳೆದುಕೊಳ್ಳುತ್ತದೆ, ಇಳಿಯುವಾಗ ಒತ್ತುತ್ತದೆ. ಎಲ್ಲಿ ಸೋರಿದರೂ ಎರಡೂ ದಿಕ್ಕಿಗೆ ಸೋರುತ್ತದೆ.

ನಿನ್ನೆ, ಏನನ್ನೂ ಬಿಚ್ಚುವ ಮೊದಲು, ಒತ್ತಡದ ಪರೀಕ್ಷೆ ಮಾಡಿದೆ. ಹೊಗೆ ಹೊರಹೋಗುವ ಎರಡು ಎಕ್ಸಾಸ್ಟ್ ಬಾಯಿಗಳಿಗೂ ಕಾರ್ಬ್ಯುರೇಟರಿನ ಬಾಯಿಗೂ ರಬ್ಬರಿನ ಬಿರಡೆ ಬಿಗಿದು, ಒಂದು ಬಿರಡೆಗೆ ಸೈಕಲ್ ಟ್ಯೂಬಿನ ಕೊಳವೆ ಕೂರಿಸಿ, ಅದಕ್ಕೆ ಮನೆಯಲ್ಲಿದ್ದ ಹಳೆಯ ಬಿಪಿ ಮಾಪಕದ ಬುರುಡೆಯನ್ನೂ ಮುಳ್ಳಿನ ಗಡಿಯಾರವನ್ನೂ ಜೋಡಿಸಿದೆ. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಕ್ರ್ಯಾಂಕಿನ ಎರಡು ಬದಿಯಲ್ಲಿ ಸೋರದಂತೆ ತಡೆಯುವ ಸೀಲುಗಳಿಗೆ ಪೆಟ್ಟಾಗದಂತೆ ಒತ್ತಬೇಕಾದ ಸಣ್ಣ ಒತ್ತಡ ಅದರ ಅಳತೆಯೊಳಗೇ ಬರುತ್ತದೆ. ಒತ್ತಡವನ್ನು ಮಾಪಕದ 250ಕ್ಕೆ ಏರಿಸಿ ಕೈ ಬಿಟ್ಟರೆ ಮುಳ್ಳು ನಿಮಿಷಗಟ್ಟಲೆ ನಿಲ್ಲಬೇಕು. ಹತ್ತು ಎಣಿಸುವಷ್ಟರಲ್ಲಿ ಅದು ಸೊನ್ನೆಗೆ ಬಂತು. ಸೋಪಿನ ನೀರನ್ನು ಬ್ಲಾಕಿನ ತಳಕ್ಕೆ, ಕೇಸಿನ ಜೋಡಣೆಗೆ ಹಚ್ಚಿ ನೋಡಿದರೆ ಗುಳ್ಳೆಯಿಲ್ಲ. ಬಲಗಡೆಯ ಡೈನಮೋದ ಮುಚ್ಚಳ ತೆಗೆದು, ಅದರ ತಿರುಗುವ ಭಾಗವಾದ ಆರ್ಮೇಚರನ್ನು ಕಳಚಿ, ಕ್ರ್ಯಾಂಕಿನ ಸೀಲಿನ ಸುತ್ತ ಬ್ರಷ್ಷಿನಿಂದ ಹಚ್ಚಿದಾಗ ನೊರೆ ಉಕ್ಕಿತು.

ಆ ನೊರೆಯನ್ನು ನೋಡುತ್ತ ಬಹಳ ಹೊತ್ತು ಕುಳಿತಿದ್ದೆ. ಜಾವಾದಲ್ಲಿ ಡೈನಮೋದ ಆರ್ಮೇಚರು ಕ್ರ್ಯಾಂಕಿನ ಬಲತುದಿಯ ಮೇಲೆಯೇ ಕೂರುತ್ತದೆ, ಪಾಯಿಂಟನ್ನು ತೆರೆಯುವ ಕ್ಯಾಮೂ ಅಲ್ಲೇ ಇದೆ. ಸೀಲು ಹರಿದಿದ್ದರಿಂದ ಪಿಸ್ಟನ್ ಇಳಿಯುವಾಗಲೆಲ್ಲ ಪೆಟ್ರೋಲು-ಎಣ್ಣೆಯ ಹನಿ ಹೊರಗೆ ಚಿಮ್ಮಿ ಪಾಯಿಂಟಿನ ಮೇಲೆ ಕೂರುತ್ತಿತ್ತು. ಮೇಲೇರುವಾಗಲೆಲ್ಲ ಅದೇ ಸೀಲಿನಿಂದ ಬರಿಯ ಗಾಳಿ ಒಳಗೆ ಹೋಗಿ ಮಿಶ್ರಣವನ್ನು ತೆಳುಮಾಡಿ ಪಿಸ್ಟನ್ನನ್ನು ಸುಡುತ್ತಿತ್ತು. ನಾನು ಎರಡು ಎಂದುಕೊಂಡಿದ್ದ ರೋಗಗಳಿಗೆ ಬಾಯಿ ಒಂದೇ. ಸೀಲು ಯಾಕೆ ಹರಿಯಿತು ಎಂಬುದೂ ಕೂಡಲೇ ಗೊತ್ತಾಯಿತು. ಆರ್ಮೇಚರನ್ನು ಮತ್ತೆ ಕೂರಿಸಿ ಕೈಯಿಂದ ಮೇಲಕ್ಕೆತ್ತಿ ಹಿಡಿದಾಗ 0.40 ಇದ್ದ ಪಾಯಿಂಟಿನ ಗ್ಯಾಪು, ಕೆಳಕ್ಕೆ ಒತ್ತಿದಾಗ 0.32 ಆಗುತ್ತಿತ್ತು. ಕ್ರ್ಯಾಂಕನ್ನು ಹಿಡಿದಿಡುವ ಮೇನ್ ಬೇರಿಂಗು ಸವೆದಿದೆ, ಅದರಿಂದ ಕ್ರ್ಯಾಂಕು ಕುಣಿದು ಸೀಲು ಹರಿದಿದೆ. ಗ್ಯಾಪು ಹೆಚ್ಚಾದರೆ ಪಾಯಿಂಟು ಬೇಗ ತೆರೆದು ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಬೇಗನಾಗುತ್ತದೆ, ಕಡಿಮೆಯಾದರೆ ತಡವಾಗುತ್ತದೆ. ಕುಣಿಯುವ ಕ್ರ್ಯಾಂಕಿನ ತುದಿಯಲ್ಲಿ ನಾನು ಎಷ್ಟು ಜಾಗ್ರತೆಯಿಂದ ಟೈಮಿಂಗ್ ಇಟ್ಟರೂ ಇಂಜಿನ್ನು ಅದನ್ನು ಉಳಿಸಿಕೊಳ್ಳುತ್ತಿರಲಿಲ್ಲ.

ಇನ್ನು ಇಂದು ಹೊರಬಂದ ಪಿಸ್ಟನ್ನು. ಅದರ ತಲೆಯ ಮೇಲೆ 0.50 ಎಂದು ಒತ್ತಿದೆ, ಅಂದರೆ 65 ಮಿ.ಮೀ. ಬೋರನ್ನು (ಬ್ಲಾಕಿನ ಒಳವ್ಯಾಸ) ಹಿಂದೊಮ್ಮೆ 65.50ಕ್ಕೆ ಹಿಗ್ಗಿಸಿದ್ದಾರೆ. ಎಕ್ಸಾಸ್ಟ್ ಕಡೆಯ ಸ್ಕರ್ಟಿನಲ್ಲಿ (ಪಿಸ್ಟನ್ನಿನ ಕೆಳಭಾಗದ ಗೋಡೆ), ಎರಡು ಎಕ್ಸಾಸ್ಟ್ ಕಿಂಡಿಗಳ ನಡುವಿನ ಗೋಡೆಗೆ ತಾಗುವ ಪಟ್ಟಿಯುದ್ದಕ್ಕೂ ಗೀರುಗಳು, ಅಲ್ಯೂಮಿನಿಯಂ ಕರಗಿ ಬಳಿದ ಗುರುತು: ಹಗುರವಾಗಿ ಒಮ್ಮೆಯಾದರೂ ಸೀಜ್ ಆಗಿದೆ, ಅಂದರೆ ಬಿಸಿಗೆ ಬೋರಿನೊಳಗೆ ಕಚ್ಚಿಕೊಂಡಿದೆ. ರಿಂಗುಗಳ ಕೆಳಗೆ ಕಂದು ಕಲೆ ಇಳಿದಿದೆ. ಉರಿದ ಗ್ಯಾಸು ರಿಂಗು ದಾಟಿ ಬಂದ ದಾರಿ ಅದು. ಇನ್‌ಟೇಕ್ (ಮಿಶ್ರಣ ಒಳಬರುವ) ಕಡೆಯ ಸ್ಕರ್ಟ್ ಕನ್ನಡಿಯಂತೆ ಹೊಳೆಯುತ್ತಿದೆ. ಆ ಹೊಳಪು ಚೆಂದಕ್ಕೆ ಕಂಡರೂ ಸವೆತವೇ. ಈ ಇಂಜಿನ್ನಿನಲ್ಲಿ ಇನ್‌ಟೇಕ್ ಕಿಂಡಿಗೆ ಪಿಸ್ಟನ್ನಿನ ಸ್ಕರ್ಟೇ ಬಾಗಿಲು. ಬಾಗಿಲು ಸಡಿಲವಾದರೆ ಕೇಸಿನ ಒತ್ತಡ ಕಾರ್ಬ್ಯುರೇಟರಿನ ಕಡೆಗೇ ಹಿಂದಿರುಗಿ, ಬಿಸಿಯಲ್ಲಿ ಹೊತ್ತಿಕೊಳ್ಳುವುದು ಇನ್ನೂ ಕಷ್ಟವಾಗುತ್ತದೆ.

ಅಳತೆಗಳು: ರಿಂಗು ತಾಗದ ತಳದಲ್ಲಿ ಬೋರು 65.51, ಎಕ್ಸಾಸ್ಟ್ ಕಿಂಡಿಯ ಮೇಲೆ 65.64, ಪಿಸ್ಟನ್ನಿನ ಸ್ಕರ್ಟ್ 65.36. ಹೆಚ್ಚು ಸವೆದ ಜಾಗದಲ್ಲಿ ಸಂದು 0.28 ಮಿ.ಮೀ. ಬೋರಿನ ಒಂದು ಇಂಚಿಗೆ ಒಂದು ಥೌ (ಇಂಚಿನ ಸಾವಿರದಲ್ಲೊಂದು ಭಾಗ) ಎಂಬ ಹಳೆಯ ಲೆಕ್ಕದಲ್ಲಿ ಇರಬೇಕಾದದ್ದು ಸುಮಾರು 0.065, ಇದು ಅದರ ನಾಲ್ಕು ಪಟ್ಟಿಗೂ ಹೆಚ್ಚು. ಅಳತೆಯನ್ನು ನಂಬಲು ಇನ್ನೊಂದು ದಾರಿಯಿಂದಲೂ ನೋಡಿದೆ. ಮೇಲಿನ ರಿಂಗನ್ನು ತಳದಲ್ಲಿ ಕೂರಿಸಿದಾಗ ಅದರ ಬಾಯಿ 0.70 ತೆರೆದಿತ್ತು, ಸವೆದ ಜಾಗದಲ್ಲಿ 1.10. ಬೋರು 0.13 ಹಿಗ್ಗಿದರೆ ಅದರ ಸುತ್ತಳತೆ 3.14 ಪಟ್ಟು, ಅಂದರೆ 0.4 ಹಿಗ್ಗಬೇಕು. ಲೆಕ್ಕ ಹೊಂದಿತು. ಬೋರ್ ಗೇಜ್ ಇಲ್ಲದವರು ಹೊಸ ರಿಂಗೊಂದನ್ನೂ ಫೀಲರ್ ಗೇಜನ್ನೂ ಇಟ್ಟುಕೊಂಡೇ ಬ್ಲಾಕಿನ ಸವೆತವನ್ನು ಹೀಗೆ ತಿಳಿಯಬಹುದು.

ನನ್ನದೇ ಒಂದು ತಪ್ಪನ್ನೂ ಬರೆದಿಡಬೇಕು. ಪಿಸ್ಟನ್ ಕುಟ್ಟುವ ಸದ್ದು ಕೇಳಿದಾಗ, ರಕ್ಷಣೆಗೆಂದು ಲೀಟರು ಪೆಟ್ರೋಲಿಗೆ 40 ಮಿ.ಲೀ. ಹಾಕುತ್ತಿದ್ದ ಎಣ್ಣೆಯನ್ನು 60ಕ್ಕೆ ಏರಿಸಿದ್ದೆ. ಕಾರ್ಬ್ಯುರೇಟರಿನ ಸಣ್ಣ ತೂತಾದ ಜೆಟ್ಟಿನಲ್ಲಿ ಹಾದುಹೋಗುವ ದ್ರವದಲ್ಲಿ ಎಣ್ಣೆ ಹೆಚ್ಚಾದಷ್ಟೂ ಪೆಟ್ರೋಲು ಕಡಿಮೆಯಾಗುತ್ತದೆ. ಮೊದಲೇ ಗಾಳಿ ಕುಡಿಯುತ್ತಿದ್ದ ಇಂಜಿನ್ನಿನ ಮಿಶ್ರಣವನ್ನು ನಾನು ಇನ್ನಷ್ಟು ತೆಳುಮಾಡಿದೆ. ಪ್ಲಗ್ಗಿನ ಪಿಂಗಾಣಿ ಬೆಳ್ಳಗಾಗಿದ್ದು ಅದನ್ನೇ ಹೇಳುತ್ತಿತ್ತು.

ನಾಳೆ ಬ್ಲಾಕು, ಅದರ ಒಳಗೋಡೆಯನ್ನು ಕೊರೆದು ಹಿಗ್ಗಿಸುವ ಬೋರಿಂಗ್ ಅಂಗಡಿಗೆ ಹೋಗುತ್ತದೆ. 0.75ರ ಪಿಸ್ಟನ್ನನ್ನು ಅದರ ಜೊತೆಗೇ ಕೊಡಬೇಕು; ಡಬ್ಬಿಯ ಮೇಲಿನ ಸಂಖ್ಯೆಗೆ ಬೋರ್ ಮಾಡದೆ, ಕೈಗೆ ಸಿಕ್ಕ ಪಿಸ್ಟನ್ನಿನ ಸ್ಕರ್ಟನ್ನು ಅಳೆದು ಅದಕ್ಕೆ ಎರಡೂವರೆ ಥೌ ಸೇರಿಸಿ ಮಾಡಿ ಎಂದು ಮೇಸ್ತ್ರಿಗೆ ಹೇಳಬೇಕು. ಹೋನಿಂಗ್ (ಬೋರಿನ ಗೋಡೆಯನ್ನು ಕೊನೆಗೆ ಉಜ್ಜುವುದು) ಆದ ಮೇಲೆ ಪ್ರತಿ ಕಿಂಡಿಯ ಅಂಚನ್ನು ಸಣ್ಣ ಅರದಿಂದ ಮೊಂಡು ಮಾಡುವ ಕೆಲಸವನ್ನು ನಾನೇ ಮಾಡುತ್ತೇನೆ. ಅದನ್ನು ಬಿಟ್ಟರೆ ಹೊಸ ರಿಂಗು ಚೂಪಾದ ಅಂಚಿಗೆ ಸಿಕ್ಕಿ ಮೊದಲ ದಿನವೇ ಮುರಿಯಬಹುದು. ಕೇಸು ತೆರೆದು ಮೇನ್ ಬೇರಿಂಗುಗಳನ್ನೂ ಎರಡು ಬದಿಯ ಸೀಲುಗಳನ್ನೂ ಬದಲಾಯಿಸಿ, ಬಿಪಿ ಮಾಪಕದ ಮುಳ್ಳು ನಿಲ್ಲುವುದನ್ನು ಕಂಡ ಮೇಲೆಯೇ ಪಾಯಿಂಟನ್ನು ಮುಟ್ಟುತ್ತೇನೆ. ಆಗ ಕಂಪ್ರೆಶನ್ ಹೆಚ್ಚಾಗಿರುತ್ತದೆ, ಸವೆದ ಪಿಸ್ಟನ್ನಿನ ಮೇಲೆ ಸಾಕಾಗುತ್ತಿದ್ದ ಹಳೆಯ ಕಾಯಿಲು ಹೊಸದರ ಮೇಲೆ ಸೋಲಬಹುದು. ಅದಕ್ಕಾಗಿ ಆರು ವೋಲ್ಟಿನ ಇನ್ನೊಂದು ಕಾಯಿಲನ್ನು ತಂದಿಟ್ಟಿದ್ದೇನೆ.

ಅಪ್ಪ ಹಳೆಯ ಪಿಸ್ಟನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರಸಿ, ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದಾರೆ. ನಾಳೆ ಅಂಗಡಿಗೆ ಅವರೂ ಬರುತ್ತಾರಂತೆ.