ಇಸುಜು ಇಂಜಿನ್ ಏರಿಸಿದ ಅಂಬಾಸಿಡರ್‌ಗೆ ಆಕ್ಸಿಲರೇಟರ್ ಹೊಂದಿಸುವುದು

ಅಂಬಾಸಿಡರ್‌ನ ಹಳೆ 1489 ಸಿಸಿ ಇಂಜಿನ್ ಇಳಿಸಿ 1.8 ಲೀಟರ್ ಇಸುಜು ಏರಿಸುವವರು ಮೌಂಟಿಂಗು, ಪ್ರೊಪೆಲರ್ ಶಾಫ್ಟು, ರೇಡಿಯೇಟರು ಅಂತ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಆಕ್ಸಿಲರೇಟರ್ ಮಾತ್ರ ಕೊನೇ ದಿನ ಸಂಜೆ, ಕೈಗೆ ಸಿಕ್ಕ ಕೇಬಲ್ಲು, ಕೈಗೆ ಸಿಕ್ಕ ಸ್ಪ್ರಿಂಗಿನಲ್ಲಿ ಮುಗಿದುಹೋಗುತ್ತದೆ. ಇದು ಸರಿಯಲ್ಲ. ಥ್ರಾಟಲ್ (ಇಂಜಿನ್ನಿಗೆ ಹೋಗುವ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಹೆಚ್ಚು ಕಡಿಮೆ ಮಾಡುವ ಬಾಗಿಲು) ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಏನಾಗುತ್ತದೆಂದು ಒಮ್ಮೆ ಯೋಚಿಸಿದವರು ಈ ಕೆಲಸವನ್ನು ಕೊನೆಗೆ ಉಳಿಸುವುದಿಲ್ಲ.

ಇದೇ ಇಂಜಿನ್ನನ್ನು ಹಿಂದೂಸ್ತಾನ್ ಮೋಟಾರ್ಸ್‌ನವರು ಕಾಂಟೆಸಾಕ್ಕೂ ಆಮೇಲೆ ಅಂಬಾಸಿಡರ್‌ಗೂ ಹಾಕಿದ್ದರು. ಹಾಗಾಗಿ ಗುಜರಿಯಲ್ಲಿ ಇಂಜಿನ್ ಕೊಳ್ಳುವಾಗ ಕಾರ್ಬುರೇಟರ್ ಮೇಲಿನ ಲಿವರು, ಕೇಬಲ್ ಹಿಡಿಯುವ ಬ್ರಾಕೆಟ್ಟು, ಅದರದ್ದೇ ಸ್ಪ್ರಿಂಗು ಇವಿಷ್ಟನ್ನೂ ಕೇಳಿ ತಗೊಳ್ಳಿ. ಸಾಧ್ಯವಾದರೆ ಪೆಡಲ್ಲನ್ನೂ. ಆಮೇಲೆ ಬೇರೆಯಾಗಿ ಹುಡುಕಿದರೆ ಇವು ಸಿಗುವುದು ಕಷ್ಟ. ಇನ್ನು ಇಂಜಿನ್ ನಂಬರ್ ಆರ್‌ಸಿಯಲ್ಲಿ ಇರುವುದರಿಂದ ಆರ್‌ಟಿಒ ಅನುಮತಿಯನ್ನು ಇಂಜಿನ್ ಇಳಿಸುವ ಮೊದಲೇ ಪಡೆಯಬೇಕು.

ಹಳೆ ಇಂಜಿನ್ನಿನಲ್ಲಿ ಕಾರ್ಬುರೇಟರ್ ಎಡಗಡೆ, ಪೆಡಲ್ ಬಲಗಡೆ. ಆ ಅಳತೆಗೆ ಮಾಡಿದ ರಾಡು, ಕೇಬಲ್ಲುಗಳು ಹೊಸ ಇಂಜಿನ್ನಿಗೆ ಹೊಂದುತ್ತವೆ ಎಂದುಕೊಳ್ಳಬೇಡಿ. ಹಳೆ ರಾಡನ್ನೇ ಕತ್ತರಿಸಿ ಬೆಸುಗೆ ಹಾಕಿ ಉದ್ದ ಮಾಡುವ ಗ್ಯಾರೇಜುಗಳಿವೆ. ನನ್ನ ಮತ ಕೇಬಲ್ಲಿಗೆ. ಇಂಜಿನ್ ಕೂತಿರುವುದು ರಬ್ಬರಿನ ಮೇಲೆ. ಕ್ಲಚ್ ಬಿಟ್ಟೊಡನೆ ಅದು ಒಂದು ಪಕ್ಕಕ್ಕೆ ವಾಲುತ್ತದೆ. ರಾಡಿನ ಒಂದು ತುದಿ ಬಾಡಿಯಲ್ಲಿ, ಇನ್ನೊಂದು ಇಂಜಿನ್ನಿನಲ್ಲಿ ಇದ್ದರೆ ಆ ವಾಲುವಿಕೆಯೇ ಥ್ರಾಟಲ್ ಎಳೆಯುತ್ತದೆ, ಇಂಜಿನ್ ಇನ್ನಷ್ಟು ವಾಲುತ್ತದೆ, ಮರುಕ್ಷಣ ಹಿಂದಕ್ಕೆ ಬರುತ್ತದೆ. ಫಸ್ಟ್ ಗೇರಿನಲ್ಲಿ ಗಾಡಿ ಜಗ್ಗಿ ಜಗ್ಗಿ ಹೋಗುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಪಾಪ, ಬೈಸಿಕೊಳ್ಳುವುದು ಕ್ಲಚ್ ಪ್ಲೇಟು.

ಕೇಬಲ್ ಹಾಕಿದರೂ ಒಂದು ಷರತ್ತಿದೆ: ಕಾರ್ಬುರೇಟರ್ ಕಡೆಯ ಔಟರ್ (ತಂತಿಯ ಹೊರಕವಚ) ತುದಿಯನ್ನು ಇಂಜಿನ್ನಿಗೇ ಬಿಗಿಯಬೇಕು, ಬಾನೆಟ್ ಕೆಳಗಿನ ಬಾಡಿ ತಗಡಿಗಲ್ಲ. ಇನ್‌ಟೇಕ್ ಮ್ಯಾನಿಫೋಲ್ಡಿನ ಸ್ಟಡ್ಡಿನಿಂದ 3 ಎಂಎಂ ತಗಡಿನ ಬ್ರಾಕೆಟ್ ತೆಗೆದು ಅದರಲ್ಲಿ ಅಡ್ಜಸ್ಟರ್ ಕೂರಿಸಿ. ಕೈಯಿಂದ ಒತ್ತಿದರೆ ಬ್ರಾಕೆಟ್ ಬಾಗಬಾರದು. ಬಾಗಿದರೆ ಅಷ್ಟು ಥ್ರಾಟಲ್ ಕಡಿಮೆಯಾಯಿತೆಂದೇ ಅರ್ಥ.

ಈಗ ಲೆಕ್ಕ. ಥ್ರಾಟಲ್‌ನ ಬಿಲ್ಲೆಯಾದ ಬಟರ್‌ಫ್ಲೈ, ಐಡಲ್‌ನಿಂದ (ಪೆಡಲ್ ಒತ್ತದಿರುವ ಸ್ಥಿತಿ) ಪೂರ್ತಿ ತೆರೆಯಲು ಸುಮಾರು 80 ಡಿಗ್ರಿ ತಿರುಗಬೇಕು. ಕೇಬಲ್ ಸುತ್ತಿಕೊಳ್ಳುವ ಅರ್ಧಚಕ್ರದ ತ್ರಿಜ್ಯ 25 ಎಂಎಂ ಇದ್ದರೆ ಕೇಬಲ್ 35 ಎಂಎಂ ಚಲಿಸಬೇಕು. ಪೆಡಲ್ ಕಡೆ, ಪಿವಟ್‌ನಿಂದ (ಪೆಡಲ್ ತಿರುಗುವ ಕೀಲು) ಪಾದ ಒತ್ತುವ ಜಾಗಕ್ಕೆ 200 ಎಂಎಂ, ಕೇಬಲ್ ಕೊಂಡಿಗೆ 75 ಎಂಎಂ, ಪಾದದ ಚಲನೆ 65 ಎಂಎಂ ಎಂದಿಟ್ಟುಕೊಳ್ಳಿ. ಕೇಬಲ್ಲಿಗೆ ಸಿಗುವುದು 65 × 75 ÷ 200, ಅಂದರೆ 24 ಎಂಎಂ ಚಿಲ್ಲರೆ. ಬಟರ್‌ಫ್ಲೈ 56 ಡಿಗ್ರಿಗೇ ನಿಲ್ಲುತ್ತದೆ. ಪೆಡಲ್ ನೆಲ ಮುಟ್ಟಿದರೂ ಗಾಡಿ ಘಾಟಿ ಹತ್ತುವುದಿಲ್ಲ. ಕಾರಣ ತಿಳಿಯದೆ ಜನ ಕಾರ್ಬುರೇಟರಿನ ಜೆಟ್ ಬದಲಾಯಿಸುತ್ತಾರೆ, ಟೈಮಿಂಗ್ ತಿರುಗಿಸುತ್ತಾರೆ. ಕೊಂಡಿಯನ್ನು ಪಿವಟ್‌ನಿಂದ 108 ಎಂಎಂಗೆ ಸರಿಸಿದರೆ 35 ಎಂಎಂ ಸಿಗುತ್ತದೆ. ಇಲ್ಲವೇ ಕಾರ್ಬುರೇಟರ್ ಕಡೆ 17.5 ಎಂಎಂ ತ್ರಿಜ್ಯದ ಚಕ್ರ ಹಾಕಬಹುದು. ಎರಡರಲ್ಲೂ ಪೆಡಲ್ ಒಂದೂವರೆ ಪಟ್ಟಿನಷ್ಟು ಗಟ್ಟಿಯಾಗುತ್ತದೆ, ಚುರುಕೂ ಆಗುತ್ತದೆ. ಪೆಡಲ್ಲಿನ ಕೈ ಬಗ್ಗಿಸಿ ಪಾದದ ಚಲನೆಯನ್ನೇ ಹೆಚ್ಚಿಸುವ ಜಾಗವಿದ್ದರೆ ಮೊದಲು ಅದನ್ನು ನೋಡಿ.

ಅರ್ಧಚಕ್ರದ ಬದಲು ಬರೀ ಲಿವರ್ ಇದ್ದರೆ ಕೋನ ಮುಖ್ಯ. ಐಡಲ್‌ನಲ್ಲಿ ಕೇಬಲ್ಲಿಗೂ ಲಿವರಿಗೂ ನಡುವೆ 110ರಿಂದ 115 ಡಿಗ್ರಿ ಇಟ್ಟುಕೊಳ್ಳಿ, ಪೂರ್ತಿ ತೆರೆದಾಗ 30ಕ್ಕಿಂತ ಕಡಿಮೆಯಾಗಕೂಡದು. ಲಿವರ್, ಕೇಬಲ್ ಎರಡೂ ಒಂದೇ ಗೆರೆಗೆ ಬಂದು ದಾಟಿತೋ, ಸ್ಪ್ರಿಂಗ್ ಎಷ್ಟೇ ಬಲವಾಗಿದ್ದರೂ ಥ್ರಾಟಲ್ ಹಿಂದಕ್ಕೆ ಬರುವುದಿಲ್ಲ.

ಕೇಬಲ್ಲಿಗೆ 1.5 ಎಂಎಂ ಒಳತಂತಿ ಸಾಕು. ಬಾಗು ಎಲ್ಲೂ 100 ಎಂಎಂ ತ್ರಿಜ್ಯಕ್ಕಿಂತ ಬಿಗಿಯಾಗಿರಬಾರದು, ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ದೂರವಿರಬೇಕು. ಫೈರ್‌ವಾಲ್ (ಇಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ತಗಡು) ತೂತಿಗೆ ರಬ್ಬರ್ ಗ್ರಾಮೆಟ್ ಹಾಕದೆ ಬಿಟ್ಟರೆ ತಗಡಿನ ಅಂಚು ಔಟರನ್ನು ಕೊರೆಯುತ್ತದೆ. ತಂತಿಯ ತುದಿಯನ್ನು ಹಿಡಿಯುವ ಗುಂಡಿಯೇ ನಿಪ್ಪಲ್ಲು. ಸ್ಕ್ರೂ ಬಿಗಿದು ಹಿಡಿಸುವ ನಿಪ್ಪಲ್ಲು ಅಳತೆ ನೋಡಲಿಕ್ಕಷ್ಟೇ. ಅಳತೆ ಖಾತ್ರಿಯಾದ ಮೇಲೆ ತಂತಿಯ ತುದಿಯ ಎಳೆಗಳನ್ನು ಬಿಡಿಸಿ, ನಿಪ್ಪಲ್ಲಿನೊಳಗೆ ಸೀಸದ ಬೆಸುಗೆ ತುಂಬಿಸಿ.

ಸ್ಪ್ರಿಂಗ್ ಎರಡಿರಬೇಕು, ಎರಡೂ ಕಾರ್ಬುರೇಟರ್ ಕಡೆಯೇ, ಬೇರೆ ಬೇರೆ ಕೊಂಡಿಗಳಲ್ಲಿ. ಒಂದನ್ನು ಕಳಚಿ ನೋಡಿ, ಇನ್ನೊಂದು ಒಂದೇ ಥ್ರಾಟಲನ್ನು ಟಪ್ಪೆಂದು ಮುಚ್ಚಬೇಕು. ಪೆಡಲ್ಲಿನ ಸ್ಪ್ರಿಂಗನ್ನು ಲೆಕ್ಕಕ್ಕೆ ಸೇರಿಸಬೇಡಿ, ಕೇಬಲ್ ಎಳೆಯಬಲ್ಲದೇ ಹೊರತು ತಳ್ಳಲಾರದು. ಸ್ಪ್ರಿಂಗ್ ಲಿವರ್ ತಿರುಗುವ ಸಮತಲದಲ್ಲೇ ಎಳೆಯಲಿ. ಓರೆಯಾಗಿ ಎಳೆದರೆ ಥ್ರಾಟಲ್ ಶಾಫ್ಟ್ ಸವೆದು ಅಲ್ಲಿಂದ ಗಾಳಿ ಹೊಕ್ಕು ಐಡಲ್ ನಿಲ್ಲದಾಗುತ್ತದೆ.

ಇಂಜಿನ್ ಬದಲಾಯಿಸಿದ ಗಾಡಿಗಳಲ್ಲಿ ಕೇಬಲ್ ಇದ್ದಕ್ಕಿದ್ದಂತೆ ಹಿಡಿದುಕೊಂಡರೆ ಮೊದಲು ನೋಡಬೇಕಾದ್ದು ಅರ್ಥ್ ಪಟ್ಟಿ. ಇಂಜಿನ್ನಿನಿಂದ ಬಾಡಿಗೆ ಬರುವ ದಪ್ಪ ತಂತಿ ಹಾಕುವುದು ಮರೆತಿದ್ದರೆ, ಸ್ಟಾರ್ಟರ್‌ನ ನೂರಾರು ಆಂಪಿಯರ್ ಕರೆಂಟು ಬ್ಯಾಟರಿಗೆ ಮರಳಲು ದಾರಿ ಹುಡುಕುತ್ತದೆ. ಸಿಗುವ ದಾರಿ ಆಕ್ಸಿಲರೇಟರ್ ಅಥವಾ ಚೋಕ್ ಕೇಬಲ್ಲು. ಒಳಗಿನ ನೈಲಾನ್ ಕರಗಿ ತಂತಿಗೆ ಅಂಟುತ್ತದೆ. ಸೆಲ್ಫ್ ಹೊಡೆದ ಮೇಲೆ ಕೇಬಲ್ ಬೆಚ್ಚಗಾಗಿದ್ದರೆ ಗಾಡಿ ತೆಗೆಯಬೇಡಿ. ಪೇಂಟ್ ಕೆರೆದು, ಬರಿ ಲೋಹಕ್ಕೆ ತಾಗುವಂತೆ ಪಟ್ಟಿ ಬಿಗಿಯಿರಿ.

ಹೊಂದಿಸುವುದಕ್ಕೆ ಇಬ್ಬರು ಬೇಕು. ಇಂಜಿನ್ ಆಫ್, ಏರ್ ಕ್ಲೀನರ್ ಬಿಚ್ಚಿರಲಿ, ನೆಲದ ಮ್ಯಾಟು ಅದರ ಜಾಗದಲ್ಲೇ ಇರಲಿ. ಒಬ್ಬರು ಪೆಡಲ್ ಪೂರ್ತಿ ಒತ್ತಿದಾಗ ಇನ್ನೊಬ್ಬರು ಟಾರ್ಚ್ ಬೆಳಕು ಬಿಟ್ಟು ಕಾರ್ಬುರೇಟರ್ ಒಳಗೆ ನೋಡಬೇಕು. ಬಟರ್‌ಫ್ಲೈ ನೆಟ್ಟಗೆ ನಿಂತಿರಬೇಕು. ಆ ಕ್ಷಣಕ್ಕೆ ಸರಿಯಾಗಿ ಪೆಡಲ್ ತಾಗುವಂತೆ ನೆಲದಲ್ಲೊಂದು 8 ಎಂಎಂ ಬೋಲ್ಟು, ಅದಕ್ಕೆ ಲಾಕ್ ನಟ್ಟು. ಈ ತಡೆ ಇಲ್ಲದಿದ್ದರೆ ಪಾದದ ಬಲವೆಲ್ಲ ನಿಪ್ಪಲ್ಲಿನ ಮೇಲೆ ಬೀಳುತ್ತದೆ. ಪೆಡಲ್ ಬಿಟ್ಟಾಗ ಕೇಬಲ್ಲಿನಲ್ಲಿ 1ರಿಂದ 2 ಎಂಎಂ ಸಡಿಲ ಇರಲಿ, ಐಡಲ್ ನಿಲ್ಲಬೇಕಾದ್ದು ಐಡಲ್ ಸ್ಕ್ರೂ ಮೇಲೆ. ಆಮೇಲೆ ಟಯರ್ ಲಿವರಿನಿಂದ ಇಂಜಿನ್ನನ್ನು ಎರಡೂ ಕಡೆಗೆ ಮೀಟಿ. ಥ್ರಾಟಲ್ ಲಿವರ್ ಕದಲಬಾರದು. ಲಿವರಿನ ತಲೆಗೆ ಒಂದುಂಡೆ ಜೇಡಿಮಣ್ಣು ಮೆತ್ತಿ ಬಾನೆಟ್ ಮುಚ್ಚಿ ತೆಗೆದರೆ ಎಷ್ಟು ಸಂದಿದೆ ಎಂಬುದೂ ಗೊತ್ತಾಗುತ್ತದೆ. 10 ಎಂಎಂಗಿಂತ ಕಡಿಮೆಯಿದ್ದರೆ ಲಿವರಿನ ತಲೆ ತಗ್ಗಿಸಿ.

ಹೊಸ ಕೇಬಲ್ಲಿನ ಔಟರ್ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಒಂದಿಷ್ಟು ಕೂರುತ್ತದೆ. ಆಗ ಸಡಿಲವನ್ನೂ ಟಾರ್ಚಿನ ಪರೀಕ್ಷೆಯನ್ನೂ ಮತ್ತೊಮ್ಮೆ ಮಾಡಿ, ಅದೂ ಇಂಜಿನ್ ಬಿಸಿಯಾಗಿದ್ದಾಗ, ಆಫ್ ಮಾಡಿ.